ಫಾಲ್ಸ್ ಫ್ಲೋರಿನವರ ಪಾದಾರವಿಂದಗಳಿಗೆ

ತೀರ್ಥರೂಪ ಸಮಾನರಾದ ಫಾಲ್ಸ್ ಫ್ಲೋರಿನವರ ಪಾದಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು.

ಇತ್ತ ಎಲ್ಲವೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸಿ ಬರೆಯುವ ಅಗತ್ಯ ನನಗಿಲ್ಲ, ಏಕೆಂದರೆ ಇಪ್ಪತ್ತೆರಡು ವರ್ಷದಿಂದ ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಬೆಂಗಳೂರಿನ ಒಂದಲ್ಲ ಒಂದು ಸರ್ವರ್ ರೂಮಿನಲ್ಲಿ, ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ, ತಮ್ಮ ಸೇವೆ ಮಾಡುತ್ತ ಬಂದಿದ್ದೇನೆ. ಸಾಷ್ಟಾಂಗ ಎಂದದ್ದು ಪತ್ರದ ಒಕ್ಕಣೆಗಾಗಿ ಅಲ್ಲ. ಒಂದು ಟೈಲು ಎತ್ತಿ, ತಲೆ ಒಳಗಿಟ್ಟು, ಟಾರ್ಚು ಬಿಟ್ಟು, ಮೂರನೇ ಸಾಲಿನ ಕೇಬಲ್ಲು ಯಾವ ಕಡೆ ತಿರುಗಿದೆ ಎಂದು ನೋಡಬೇಕಾದರೆ ಎದೆ, ಹೊಟ್ಟೆ, ಮೊಣಕಾಲು ಎಲ್ಲವೂ ನೆಲಕ್ಕೆ ತಾಗಲೇಬೇಕು. ದೇವರ ಮುಂದೆ ಅಷ್ಟು ಸಲ ಅಡ್ಡಬಿದ್ದವನಲ್ಲ ನಾನು. ತಮ್ಮ ಮುಂದೆ ಬಿದ್ದಿದ್ದೇನೆ.

ಪಾದಗಳು ಎಂದದ್ದೂ ಅಷ್ಟೇ ನಿಜ. ಕಾಂಕ್ರೀಟಿನ ಮೇಲೆ ಎತ್ತರಿಸಿ ಹಾಸಿದ ಎರಡನೇ ನೆಲ ತಾವು. ಮೇಲಿನಿಂದ ನೋಡುವವರಿಗೆ ಬರೀ ಬೂದು ಬಣ್ಣದ ಚೌಕಗಳು. ಟೈಲು ಎತ್ತಿದವನಿಗೆ ಮಾತ್ರ ತಮ್ಮ ಕಾಲುಗಳ ದರ್ಶನ. ಕಾಂಕ್ರೀಟಿಗೆ ಅಂಟಿಸಿದ, ಇಲ್ಲವೇ ಬೋಲ್ಟು ಹಾಕಿ ಬಿಗಿದ ಒಂದು ಉಕ್ಕಿನ ತಟ್ಟೆ. ಅದರ ಮೇಲೆ ಕೊಳವೆ. ಕೊಳವೆಯೊಳಗೆ ತಿರುಪಿನ ಸರಳು. ಸರಳಿನ ತುದಿಗೆ ತಲೆ. ಇದಕ್ಕೆ ನಾವು ಪೆಡೆಸ್ಟಲ್ ಎನ್ನುತ್ತೇವೆ. ನಟ್ಟು ತಿರುಗಿಸಿದರೆ ತಲೆ ಏರುತ್ತದೆ, ಇಳಿಯುತ್ತದೆ. ಕೆಳಗಿನ ಕಾಂಕ್ರೀಟು ಅಲ್ಲಿ ಉಬ್ಬಿ ಇಲ್ಲಿ ತಗ್ಗಿದ್ದರೂ ಮೇಲಿನ ನೆಲ ರಸಮಟ್ಟಕ್ಕೆ ನಿಲ್ಲುವುದು ಆ ತಿರುಪಿನಿಂದ. ಒಂದೊಂದು ತಲೆಯ ಮೇಲೂ ನಾಲ್ಕು ಟೈಲುಗಳ ಒಂದೊಂದು ಮೂಲೆ ಕೂರುತ್ತದೆ. ತಲೆಯಿಂದ ತಲೆಗೆ ಸ್ಟ್ರಿಂಜರ್ ಎಂಬ ಅಡ್ಡಪಟ್ಟಿ. ಪಟ್ಟಿಗಳ ನಡುವಿನ ಚೌಕಕ್ಕೆ 600 ಮಿಲಿಮೀಟರ್ ಉದ್ದಗಲದ ಟೈಲು. ಅದರ ಒಡಲಲ್ಲಿ ಸಿಮೆಂಟು ತುಂಬಿದ ಉಕ್ಕಿನ ತಗಡು ಇರಬಹುದು, ಕ್ಯಾಲ್ಸಿಯಂ ಸಲ್ಫೇಟಿನ ಅಚ್ಚು ಇರಬಹುದು, ಮರದ ಹೊಟ್ಟಿನ ಹಲಗೆ ಇರಬಹುದು. ಮೈಮೇಲೆ ಲ್ಯಾಮಿನೇಟು ಇಲ್ಲವೇ ವಿನೈಲ್. ನಡೆದಾಡುವವರ ಚಪ್ಪಲಿಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಸರ್ವರಿಗೆ ತಾಗದೆ ತಮ್ಮ ಮೈಯಿಂದ ಪಾದಕ್ಕೆ, ಪಾದದಿಂದ ತಾಮ್ರದ ಪಟ್ಟಿಗೆ, ಪಟ್ಟಿಯಿಂದ ಭೂಮಿಗೆ ಮೆಲ್ಲಗೆ ಇಳಿದುಹೋಗುವಂತೆ ಮಾಡಿದ್ದಾರೆ. ಪೂರ್ತಿ ಲೋಹವಾದರೆ ಷಾಕು ಹೊಡೆದೀತು, ಪೂರ್ತಿ ಪ್ಲಾಸ್ಟಿಕ್ಕಾದರೆ ಕಿಡಿ ಉಳಿದೀತು. ಎರಡರ ನಡುವಿನ ಹದ ಅದು. ಅನ್ನ ಬೇಯುವ ಹದ ತಿಳಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ತಮ್ಮ ಮನೆತನವೂ ದೊಡ್ಡದು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಸ್ನಾನಗೃಹದ ಬಿಸಿ ನೆಲ ಕಟ್ಟುವ ಕ್ರಮ ಬರೆದಿಟ್ಟಿದ್ದಾನೆ: ಸಣ್ಣ ಇಟ್ಟಿಗೆಯ ಕಂಬಗಳು, ಎರಡು ಅಡಿ ಎತ್ತರ; ಅವುಗಳ ಮೇಲೆ ಎರಡು ಅಡಿ ಚೌಕದ ಹೆಂಚು; ಅಡಿಯಲ್ಲಿ ಒಲೆಯ ಬಿಸಿ ಸುಳಿದಾಡಬೇಕು. ಎರಡು ಅಡಿಯ ಚೌಕ! ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನಮ್ಮ ಸರ್ವರ್ ರೂಮಿನ ಟೈಲಿಗೆ ಟೇಪು ಹಿಡಿದು ನೋಡಿದ್ದೆ, ಅಳತೆ ಗೊತ್ತಿದ್ದರೂ. ಅವರು ಬಿಸಿ ಹರಿಸಿದರು, ನಾವು ತಂಪು ಹರಿಸುತ್ತೇವೆ. 1960ರ ದಶಕದಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರುಗಳು ಬಂದಾಗ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ತೋಳಿನ ಗಾತ್ರದ ಕೇಬಲ್ಲುಗಳನ್ನು ಎಲ್ಲಿ ಹಾಯಿಸುವುದು ಎಂಬ ಪ್ರಶ್ನೆಗೆ ತಾವೇ ಉತ್ತರವಾದಿರಿ. ಆಮೇಲೆ ನೀರಿನಿಂದ ತಂಪಾಗುವ ಯಂತ್ರಗಳು ಬಂದಾಗ ನೀರಿನ ಕೊಳವೆಗಳಿಗೂ ತಮ್ಮಲ್ಲೇ ಜಾಗ ಸಿಕ್ಕಿತು. 1985ರಲ್ಲಿ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಹಾಂಗ್‌ಕಾಂಗಿನಲ್ಲಿ ಕಟ್ಟಿದ ಬ್ಯಾಂಕಿನ ಕಚೇರಿಯಲ್ಲಿ, ಮರುವರ್ಷ ರಿಚರ್ಡ್ ರೋಜರ್ಸ್ ಲಂಡನ್ನಿನಲ್ಲಿ ಕಟ್ಟಿದ ಲಾಯ್ಡ್ಸ್ ಕಟ್ಟಡದಲ್ಲಿ, ಗುಮಾಸ್ತರ ಮೇಜಿನಡಿಗೂ ತಾವು ಹೋದಿರಿ. ಇಂದು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಎಷ್ಟು ಜನ ತಮ್ಮ ಮೇಲೆ ನಡೆದಾಡುತ್ತ, ತಾವು ಇದ್ದೀರೆಂದೇ ತಿಳಿಯದೆ ಇದ್ದಾರೋ!

ನಮ್ಮ ಕಡೆಯ ಸಂಬಂಧವನ್ನೂ ಒಂದು ಹೇಳಿಬಿಡುತ್ತೇನೆ. ನಾನು ಗದಗದ ಕಡೆಯವನು. ಅಜ್ಜನ ಮನೆಯಂಗಳದಲ್ಲಿ ಹಗೇವು, ಅಂದರೆ ನೆಲದೊಳಗಿನ ಕಾಳಿನ ಕಣಜ, ಇತ್ತು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಹಗೇವು ಎಲ್ಲಿದೆಯೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಅದರ ಮೇಲೇ ನಾವು ಗೋಲಿ ಆಡುತ್ತಿದ್ದೆವು. ಕಲ್ಲು ತೆಗೆದ ದಿನ ಮಾತ್ರ ಅಜ್ಜನ ಮುಖ ಬೇರೆಯಾಗುತ್ತಿತ್ತು. ಒಳಗಿನ ಕೆಟ್ಟ ಗಾಳಿ ಹೋಗುವತನಕ ಯಾರೂ ಇಳಿಯಕೂಡದು. ಮೊದಲು ದೀಪ ಇಳಿಬಿಟ್ಟು ನೋಡಬೇಕು. ಮತ್ತೆ, ತೆರೆದ ಬಾಯಿಯ ಹತ್ತಿರ ಯಾರಾದರೊಬ್ಬರು ಕೂತೇ ಇರಬೇಕು. ಊಟಕ್ಕೆ ಎದ್ದರೆ ಇನ್ನೊಬ್ಬರು ಬಂದು ಕೂರಬೇಕು. ಇಪ್ಪತ್ತೆರಡು ವರ್ಷದಲ್ಲಿ ತಮ್ಮ ಬಗ್ಗೆ ನಾನು ಕಲಿತದ್ದೆಲ್ಲ ಅಜ್ಜನ ಈ ಮೂರು ಮಾತಿಗೆ ಬಂದು ನಿಲ್ಲುತ್ತದೆ. ತಮ್ಮನ್ನು ಕೊಂಡವರಿಗೆ ಈ ಮಾತುಗಳನ್ನು ಯಾರೂ ಹೇಳಲಿಲ್ಲ. ನನ್ನ ದೂರು ಇರುವುದು ಇಲ್ಲೇ. ದಯವಿಟ್ಟು ಕೋಪಿಸಿಕೊಳ್ಳದೆ ಕೇಳಬೇಕು.

ತಮ್ಮ ಭಾರದಿಂದ ಶುರುಮಾಡುತ್ತೇನೆ. ಒಂದು ಟೈಲು 15ರಿಂದ 20 ಕಿಲೋ. ಬೆರಳು ತೂರಿಸಲು ಸಂದು ಇಲ್ಲ, ಇರಲೂಬಾರದು, ಸಂದಿದ್ದರೆ ಗಾಳಿ ಸೋರುತ್ತದೆ. ಹಾಗಾಗಿ ಎರಡು ರಬ್ಬರ್ ಬಟ್ಟಲಿನ ಸಕ್ಷನ್ ಲಿಫ್ಟರ್ ಒತ್ತಿ, ಹಿಡಿಕೆ ಮಡಚಿ, ಬೆನ್ನು ನೆಟ್ಟಗಿಟ್ಟು ನೇರ ಮೇಲಕ್ಕೆ ಎತ್ತಬೇಕು. ರಬ್ಬರು ವಯಸ್ಸಾಗಿ ಗಟ್ಟಿಯಾದರೆ ಅರ್ಧ ಎತ್ತಿದ ಮೇಲೆ ಕೈಕೊಡುತ್ತದೆ. ನನ್ನ ಎಡಗೈ ಉಂಗುರದ ಬೆರಳಿನ ಉಗುರು 2009ರಲ್ಲಿ ಹೋದದ್ದು ಹಾಗೆ. ಮತ್ತೆ ಬಂದ ಉಗುರು ಸೊಟ್ಟಗೆ ಬಂತು. ಗಾಳಿ ಮೇಲೆ ಬರಲೆಂದು ಮಾಡಿದ ತೂತಿನ ಟೈಲಿಗೆ ಸಕ್ಷನ್ ಹಿಡಿಯುವುದೇ ಇಲ್ಲ. ತೂತಿನಲ್ಲಿ ಗಾಳಿ ನುಗ್ಗಿದರೆ ಬಟ್ಟಲು ಕಚ್ಚುವುದೆಲ್ಲಿ? ಪಕ್ಕದ ಟೈಲು ಎತ್ತಿ ಅಡಿಯಿಂದ ಕೈ ಕೊಡಬೇಕು, ಇಲ್ಲವೇ ಕೊಕ್ಕೆ ಹಾಕಬೇಕು. ಇದನ್ನು ತಿಳಿಯದ ಹೊಸ ಹುಡುಗರು ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ, ಅಂಚು ಒಡೆಯುತ್ತದೆ. ಆಮೇಲೆ ಆ ಒಡೆದ ಅಂಚಿಗೆ ತಿಂಗಳುಗಟ್ಟಲೆ ಟೇಪು. ತಮ್ಮನ್ನು ಸಾವಿರಗಟ್ಟಲೆ ಟೈಲಿನ ಲೆಕ್ಕದಲ್ಲಿ ತರಿಸುವವರು ಒಂದು ಒಳ್ಳೆಯ ಲಿಫ್ಟರ್ ತರಿಸಲು ಹಿಂದೆಮುಂದೆ ನೋಡುತ್ತಾರೆ. ತಾವಾದರೂ ಒಂದು ಮಾತು ಹೇಳಬಾರದೇ?

ಗಾಳಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು, ಏಕೆಂದರೆ ತಮ್ಮ ದೊಡ್ಡ ಗುಣವೂ ದೊಡ್ಡ ಗುಟ್ಟೂ ಇಲ್ಲೇ ಇದೆ.

ಕಾಂಕ್ರೀಟಿಗೂ ಟೈಲಿಗೂ ನಡುವಿನ ಆ ಅಡಿ, ಒಂದೂವರೆ ಅಡಿ, ಎರಡಡಿ ಖಾಲಿ ಜಾಗವೇ ತಮ್ಮ ಹೊಟ್ಟೆ. ಗೋಡೆಯ ಪಕ್ಕದ ಪಿಎಸಿ ಎಂಬ ಹವಾನಿಯಂತ್ರಣ ಯಂತ್ರಗಳು ಕೋಣೆಯ ಬಿಸಿ ಗಾಳಿಯನ್ನು ಮೇಲಿನಿಂದ ಎಳೆದು, ತಣಿಸಿ, ಆ ಹೊಟ್ಟೆಗೆ ಊದುತ್ತವೆ. ಒತ್ತಡ ಬಹಳ ಅಲ್ಲ, ಸುಮಾರು 12ರಿಂದ 25 ಪಾಸ್ಕಲ್. ಲೋಟದಲ್ಲಿ ಎರಡು ಮಿಲಿಮೀಟರ್ ನೀರು ನಿಂತರೆ ತಳದ ಮೇಲೆ ಬೀಳುವಷ್ಟೇ. ಅಷ್ಟರಲ್ಲೇ ತೂತಿನ ಟೈಲುಗಳಿಂದ ತಂಪು ಗಾಳಿ ಮೇಲೆದ್ದು ಸರ್ವರುಗಳನ್ನು ಜೋಡಿಸಿದ ರ‍್ಯಾಕುಗಳ ಮುಖಕ್ಕೆ ತಲುಪಬೇಕು. ಅದಕ್ಕೇ ರ‍್ಯಾಕುಗಳನ್ನು ಮುಖಾಮುಖಿ ನಿಲ್ಲಿಸಿ ನಡುವೆ ತಂಪು ಓಣಿ, ಬೆನ್ನಿಗೆ ಬೆನ್ನು ಕೊಟ್ಟು ನಡುವೆ ಬಿಸಿ ಓಣಿ ಮಾಡುತ್ತೇವೆ. ತೂತಿನ ಟೈಲು ತಂಪು ಓಣಿಯಲ್ಲಿ ಮಾತ್ರ ಇರಬೇಕು. ಯಂತ್ರದ ಮುಖಕ್ಕೆ ತಾಗುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ ಎಂದು ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸು.

ಇಷ್ಟು ಸರಳವಾದದ್ದನ್ನು ತಾವು ಎಷ್ಟು ಕಷ್ಟ ಮಾಡಿಟ್ಟಿದ್ದೀರಿ! ಪಿಎಸಿಗೆ ತೀರ ಹತ್ತಿರದ ತೂತಿನ ಟೈಲಿನಿಂದ ಹೆಚ್ಚು ಗಾಳಿ ಬರುತ್ತದೆಂದು ಎಲ್ಲರೂ ನಂಬುತ್ತಾರೆ. ನಾನೂ ನಂಬಿದ್ದೆ. ಅಲ್ಲಿ ಗಾಳಿಯ ಓಟ ಜೋರು. ಓಟ ಜೋರಾದಲ್ಲಿ ಒತ್ತಡ ಕಡಿಮೆ. ಕೆಲವೊಮ್ಮೆ ಆ ಟೈಲು ಗಾಳಿ ಕೊಡುವುದಿರಲಿ, ಕೋಣೆಯ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಟಿಶ್ಯೂ ಕಾಗದದ ಚೂರು ಇಟ್ಟು ನೋಡಿದೆ. ಹಾರಬೇಕಾದ ಕಾಗದ ತೂತಿಗೆ ಅಂಟಿ ಕೂತಿತು. ಭೌತಶಾಸ್ತ್ರದ ಮೇಷ್ಟ್ರು ಬರ್ನೂಲಿಯ ನಿಯಮವನ್ನು ಬೋರ್ಡಿನ ಮೇಲೆ ಬರೆಸಿದ್ದರು. ಅದನ್ನು ಕಣ್ಣಾರೆ ತೋರಿಸಿದ ಗುರು ತಾವು. ಆ ಋಣವನ್ನು ಮರೆಯುವುದಿಲ್ಲ.

2011ರ ಮೇ ತಿಂಗಳ ಒಂದು ರಾತ್ರಿ, ಕೋಣೆಯ ತುದಿಯ ಸಾಲಿನ ಕೊನೆಯ ರ‍್ಯಾಕಿನ ಮುಂದೆ 34 ಡಿಗ್ರಿ. ಅಲಾರಂ ಮೇಲೆ ಅಲಾರಂ. ಮೇಲಿನವರು ಫೋನಿನಲ್ಲೇ ಅಪ್ಪಣೆ ಕೊಟ್ಟರು, ಇನ್ನೂ ನಾಲ್ಕು ತೂತಿನ ಟೈಲು ಹಾಕಿ ಎಂದು. ಹಾಕಿದೆ. 35 ಆಯಿತು. ಇನ್ನೂ ನಾಲ್ಕು ಹಾಕಿ ಎಂದರು. ಒಡೆದ ಕೊಡದಲ್ಲಿ ನೀರು ಕಡಿಮೆಯಾದರೆ ಇನ್ನೊಂದು ತೂತು ಕೊರೆಯುತ್ತಾರೆಯೇ? ತೂತು ಹೆಚ್ಚಿದಷ್ಟೂ ಒಳಗಿನ ಒತ್ತಡ ಬೀಳುತ್ತದೆ, ದೂರದವನಿಗೆ ಸಿಗುವುದು ಇನ್ನೂ ಕಡಿಮೆ. ಅಂದು ನಾನು ಅಡ್ಡಬಿದ್ದು ಒಳಗೆ ನೋಡಿದೆ. ಪಿಎಸಿಗೂ ಆ ಸಾಲಿಗೂ ನಡುವೆ ಕೇಬಲ್ಲಿನ ಒಂದು ಒಡ್ಡು, ಕಾಂಕ್ರೀಟಿನಿಂದ ಸ್ಟ್ರಿಂಜರಿನ ತನಕ. ಗಾಳಿ ಅದಕ್ಕೆ ಬಡಿದು ವಾಪಸ್ಸು ಹೋಗುತ್ತಿತ್ತು. ರ‍್ಯಾಕಿನ ಅಡಿ ಕೇಬಲ್ಲು ಮೇಲೇಳಲು ಕೊರೆದ ಕಿಂಡಿಗಳಿಗೆ ಬ್ರಷ್ಷಿನ ಮುಚ್ಚಳವೂ ಇಲ್ಲ. ಉಳಿದ ತಂಪೆಲ್ಲ ಅಲ್ಲಿಂದ ಬಿಸಿ ಓಣಿಗೆ ಸೋರಿ, ಯಾರಿಗೂ ಉಪಯೋಗವಿಲ್ಲದೆ ಪಿಎಸಿಗೆ ಮರಳುತ್ತಿತ್ತು. ಬೆಳಗಿನ ಜಾವ ನಾಲ್ಕರ ತನಕ ಕಿಂಡಿಗಳಿಗೆ ಸ್ಪಂಜು ತುರುಕಿದೆ, ಹೊಸದಾಗಿ ಹಾಕಿದ ಟೈಲುಗಳನ್ನು ತೆಗೆದೆ. 29ಕ್ಕೆ ಇಳಿಯಿತು. ಒಡ್ಡು ಅಲ್ಲೇ ಉಳಿಯಿತು.

ಆ ಒಡ್ಡಿನಲ್ಲಿದ್ದುದು ಏನೆಂದು ತಮಗೆ ಗೊತ್ತಿದೆ. ಮುಚ್ಚಿಟ್ಟವರು ತಾವೇ ತಾನೇ. ಸತ್ತ ಕೇಬಲ್ಲುಗಳು. ಹೊಸ ಯಂತ್ರ ಬಂದಾಗ ಹೊಸ ಕೇಬಲ್ಲು ಎಳೆಯುತ್ತಾರೆ. ಹಳೆಯ ಯಂತ್ರ ಹೋದಾಗ ಯಂತ್ರವನ್ನು ಒಯ್ಯುತ್ತಾರೆ, ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ತಮ್ಮ ಮಡಿಲಿಗೆ ಹಾಕುತ್ತಾರೆ. ಟೈಲು ಮುಚ್ಚಿದರೆ ಕೆಲಸ ಮುಗಿಯಿತು, ಬಿಲ್ಲೂ ಪಾಸಾಯಿತು. ಎಳೆಯುವುದಕ್ಕೆ ಟೆಂಡರಿನಲ್ಲಿ ದರ ಇದೆ, ತೆಗೆಯುವುದಕ್ಕೆ ಇಲ್ಲ. ಕೇಬಲ್ಲಿಗೆ ಅಂಟಿಸಿದ ಹೆಸರಿನ ಚೀಟಿ ಉದುರಿದ ಮೇಲೆ ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಹೇಳುವವರು ಯಾರು? ತಪ್ಪಿ ಬದುಕಿದ್ದನ್ನು ಕತ್ತರಿಸಿದರೆ ಒಂದು ಬ್ಯಾಂಕಿನ ಎಟಿಎಮ್ಮುಗಳು ನಿಂತಾವು. ಆ ಭಯಕ್ಕೆ ಯಾರೂ ಮುಟ್ಟುವುದಿಲ್ಲ. ಮುಟ್ಟದ್ದು ಬೆಳೆಯುತ್ತದೆ. ಕೊನೆಗೆ 2014ರಲ್ಲಿ ಮೂರು ಶನಿವಾರದ ರಾತ್ರಿ, ಇಬ್ಬರು ಹುಡುಗರನ್ನು ಕಟ್ಟಿಕೊಂಡು, ಒಂದೊಂದನ್ನೂ ಎರಡೂ ತುದಿಯಿಂದ ಟೋನ್ ಕೊಟ್ಟು ಪರೀಕ್ಷಿಸಿ ಹೊರಗೆಳೆದೆವು. ಹನ್ನೊಂದು ಗೋಣಿಚೀಲ ತುಂಬಿತು. ಅದರಲ್ಲಿ ನಾನೇ ನನ್ನ ಕೈಬರಹದಲ್ಲಿ ಚೀಟಿ ಅಂಟಿಸಿದ ಕೇಬಲ್ಲೂ ಇತ್ತು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಳೆದದ್ದು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಬೇಕಾದಾಗ ತೆರೆಯಬಹುದು ಎಂಬುದೇ ತಾವು ಲೋಕಕ್ಕೆ ಕೊಟ್ಟ ವರ. ಆ ವರವನ್ನು ನಾವು ಬೇಕಾದಾಗ ಮುಚ್ಚಬಹುದು ಎಂದು ತಿದ್ದಿಕೊಂಡೆವು. ತಾವು ಸುಮ್ಮನೆ ಹೊತ್ತುಕೊಂಡಿರಿ. ಒಂದು ಸಲವಾದರೂ ಉಬ್ಬಿ, ಟೈಲು ಕೂರದಂತೆ ಮಾಡಿ, ಸಾಕು ಎನ್ನಬೇಕಿತ್ತು. ಇಷ್ಟು ಸಹನೆ ಒಳ್ಳೆಯದಲ್ಲ.

ನೀರು, ಇಲಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಪಿಎಸಿಯ ಡ್ರೈನ್ ಕಟ್ಟಿಕೊಂಡರೆ ನೀರು ತಮ್ಮಡಿ ಸದ್ದಿಲ್ಲದೆ ಹರಡುತ್ತದೆ, ಮೇಲಿನ ನೆಲ ಒಣಗಿದಂತೆಯೇ ಹೊಳೆಯುತ್ತಿರುತ್ತದೆ. ಅದಕ್ಕೇ ನೀರು ತಾಗಿದರೆ ಕೂಗುವ ಒಂದು ಹಗ್ಗದಂಥ ಕೇಬಲ್ಲನ್ನು ಕಾಂಕ್ರೀಟಿನ ಮೇಲೆ ಸುತ್ತ ಹಾಸಿರುತ್ತೇವೆ. ತಂಪು ಗಾಳಿಗೆ ಕೆಳಗಿನ ಮಹಡಿಯ ಛಾವಣಿ ಬೆವರದಿರಲಿ ಎಂದು ಕಾಂಕ್ರೀಟಿನ ಮೇಲೆ ರಬ್ಬರಿನ ಹಾಸು. ಹೊಗೆ ಪತ್ತೆಗೆ, ಬೆಂಕಿ ನಂದಿಸುವ ಅನಿಲಕ್ಕೆ ಒಳಗೂ ಬೇರೆಯೇ ಏರ್ಪಾಡು. ಇಲಿಗಳನ್ನು ಓಡಿಸಲು ನಮ್ಮ ಕಿವಿಗೆ ಕೇಳದ ಸದ್ದಿನ ಯಂತ್ರ. ಒಂದು ಕೋಣೆಯ ಕೆಳಗೆ ಇನ್ನೊಂದು ಕೋಣೆ ಸಾಕಿದ ಹಾಗೆ. ಮೇಲಿನ ಕೋಣೆಯನ್ನು ದಿನಕ್ಕೆರಡು ಸಲ ಒರೆಸುವವರು ಕೆಳಗಿನದನ್ನು ಎಷ್ಟು ವರ್ಷಕ್ಕೊಮ್ಮೆ ಒರೆಸುತ್ತಾರೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ತಮ್ಮ ಮೈಯಲ್ಲೇ ಬೆಳೆಯುವ ಕೂದಲಿನ ಬಗ್ಗೆ ಹೇಳದೆ ಇರಲಾರೆ. ಹಳೆಯ ಟೈಲುಗಳ ಅಡಿಯ ತಗಡಿಗೆ, ಸ್ಟ್ರಿಂಜರಿಗೆ ತುಕ್ಕು ಹಿಡಿಯದಿರಲಿ ಎಂದು ವಿದ್ಯುತ್ತಿನಿಂದ ಸತುವಿನ ಲೇಪ ಕೊಡುತ್ತಿದ್ದರು. ವರ್ಷಗಳು ಕಳೆದ ಮೇಲೆ ಆ ಲೇಪದಿಂದ ಸತುವಿನ ಎಳೆಗಳು ತಾವಾಗಿಯೇ ಮೊಳೆಯುತ್ತವೆ. ಕೆಲವೇ ಮೈಕ್ರಾನ್ ದಪ್ಪ, ಒಂದೆರಡು ಮಿಲಿಮೀಟರ್ ಉದ್ದ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಿನುಗುತ್ತವೆ, ನೋಡಲು ಇಬ್ಬನಿ ಕೂತ ಹುಲ್ಲಿನಷ್ಟು ಚೆಂದ. ಟೈಲು ಎಳೆದಾಡಿದಾಗ ಮುರಿದು, ತಮ್ಮ ಹೊಟ್ಟೆಯ ಗಾಳಿಯಲ್ಲೇ ತೇಲಿ, ತೂತಿನಿಂದ ಮೇಲೆದ್ದು, ಸರ್ವರಿನ ಒಳಗೆ ಎರಡು ತಂತಿಗಳ ನಡುವೆ ಕೂತು ಷಾರ್ಟ್ ಮಾಡುತ್ತವೆ. ಆ ಕ್ಷಣಕ್ಕೆ ಆ ಎಳೆಗಳೂ ಸುಟ್ಟು ಆವಿಯಾಗುವುದರಿಂದ ಸಾಕ್ಷಿಯೂ ಉಳಿಯುವುದಿಲ್ಲ. ನಾಸಾದ ಗಾಡರ್ಡ್ ಕೇಂದ್ರದವರು ಇವುಗಳ ಚಿತ್ರ ತೆಗೆದು ಬಹುಕಾಲ ಅಧ್ಯಯನ ಮಾಡಿದ್ದಾರೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಲೇಪಕ್ಕೆ ಈ ಕಾಟ ಬಹಳ ಕಡಿಮೆ ಎಂದು ಈಗ ಎಲ್ಲರೂ ಬಲ್ಲರು. ಹಳೆಯ ನೆಲವಿರುವ ಕೋಣೆಯನ್ನು ನವೀಕರಿಸುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಟೈಲು ತಿರುಗಿಸಿ ನೋಡಿ, ಆಮೇಲೆ ಎಳೆದಾಡಿ.

ತಮ್ಮ ಬಲದ ಬಗ್ಗೆ ನನಗೆ ಸಂಶಯವಿಲ್ಲ. ಯುರೋಪಿನ ಇಎನ್ 12825 ಮಾನದಂಡದಲ್ಲಿ ತಮ್ಮನ್ನು ಆರು ವರ್ಗ ಮಾಡಿದ್ದಾರೆ, ಮುರಿಯುವ ಭಾರ 4 ಕಿಲೋನ್ಯೂಟನ್ನಿನಿಂದ 12ರ ತನಕ. 25 ಮಿಲಿಮೀಟರ್ ಚೌಕದ ಉಕ್ಕಿನ ತುಂಡನ್ನು ಟೈಲಿನ ತೀರ ದುರ್ಬಲ ಜಾಗದ ಮೇಲಿಟ್ಟು ಒತ್ತಿ ಪರೀಕ್ಷಿಸುತ್ತಾರೆ. ಮುರಿಯುವ ಭಾರದ ಅರ್ಧಕ್ಕಿಂತ ಹೆಚ್ಚು ಹೊರಿಸಬಾರದು. ಅಂದರೆ 6 ಕಿಲೋನ್ಯೂಟನ್ನಿನ ಟೈಲಿಗೆ ಒಂದು ಬಿಂದುವಿನಲ್ಲಿ ಸುಮಾರು 300 ಕಿಲೋ. ತುಂಬಿದ ರ‍್ಯಾಕು ಸಾವಿರ ಕಿಲೋ ತೂಗಿದರೆ, ನಾಲ್ಕು ಚಕ್ರಕ್ಕೆ 250 ಎಂದು ಲೆಕ್ಕ ಹಾಕಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ರ‍್ಯಾಕಿನ ಅಗಲವೂ 600 ಮಿಲಿಮೀಟರೇ. ತಳ್ಳುವಾಗ ಮುಂದಿನ ಎರಡೂ ಚಕ್ರ ಒಂದೇ ಟೈಲಿನ ಮೇಲೆ ಬರುತ್ತವೆ, ಆ ಟೈಲಿನ ಪಾಲಿಗೆ 500. ಅದು ಗೋಡೆಯಂಚಿಗೆ ಕತ್ತರಿಸಿ ಕೂರಿಸಿದ ಟೈಲಾಗಿದ್ದರೆ, ಕೇಬಲ್ಲಿಗೆ ಕಿಂಡಿ ಕೊರೆದ ಟೈಲಾಗಿದ್ದರೆ, ದೇವರೇ ಗತಿ. ದಪ್ಪ ಪ್ಲೈವುಡ್ ಹಾಸಿ ತಳ್ಳಿ ಎಂದು ನಾನು ಹೇಳಿದಾಗಲೆಲ್ಲ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಮಾಡುತ್ತೀರಿ ಎಂಬ ಬೈಗುಳ ಸಿಕ್ಕಿದೆ.

ಇನ್ನೊಂದು, ಇದು ತಮ್ಮ ಸ್ವಭಾವದ ವಿಷಯ. ತಮ್ಮ ಕಾಲುಗಳು ಒಂಟಿಯಾಗಿ ನಿಲ್ಲುವವಲ್ಲ. ಟೈಲುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ನಿಂತಿರುತ್ತವೆ. ಕೆಲಸ ಸುಲಭವಾಗಲಿ ಎಂದು ಸ್ಟ್ರಿಂಜರ್ ಬಿಚ್ಚಿ ಇಡೀ ಸಾಲನ್ನು ಒಟ್ಟಿಗೆ ಎತ್ತಿಟ್ಟರೆ, ಅಂಟು ಸಡಿಲವಾದ ಕಾಲು ಓರೆಯಾಗುತ್ತದೆ, ಅದರ ಹಿಂದೆ ಮುಂದಿನದು. ಭಾರದ ರ‍್ಯಾಕುಗಳು ಮೇಲೆ ನಿಂತಿರುವಾಗ ಇಂಥ ಓರೆಯನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಒಂದು ಟೈಲು ಬಿಟ್ಟು ಒಂದು ಎತ್ತುವುದು ನನ್ನ ವ್ರತ. ನೆರೆಹೊರೆ ಇಲ್ಲದೆ ನಿಲ್ಲಲಾರೆ ಎಂದು ತಾವು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ತಾವು ಎತ್ತರದವರು. ಆದ್ದರಿಂದ ತಮ್ಮ ಬಾಗಿಲಿಗೆ ಇಳಿಜಾರು ಬೇಕು. 450 ಮಿಲಿಮೀಟರ್ ಎತ್ತರಕ್ಕೆ, ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ, 5.4 ಮೀಟರ್ ಉದ್ದದ ಇಳಿಜಾರು. ಅಷ್ಟು ಜಾಗವನ್ನು ಯಾರು ಬಿಡುತ್ತಾರೆ? ಮೂರು ಮೆಟ್ಟಿಲು, ಇಲ್ಲವೇ ಒಂದೂವರೆ ಮೀಟರಿನ ಕಡಿದಾದ ಜಾರುಬಂಡೆ. ಗಾಲಿಕುರ್ಚಿಯ ಮೇಲೆ ಬರುತ್ತಿದ್ದ ನಮ್ಮ ನೆಟ್‌ವರ್ಕ್ ಎಂಜಿನಿಯರ್ ಒಬ್ಬರಿಗೆ, ಆ ಕೋಣೆಯ ಒಂದೊಂದು ಸ್ವಿಚ್ಚನ್ನೂ ಬಲ್ಲವರಿಗೆ, ಆರು ವರ್ಷದಲ್ಲಿ ಒಮ್ಮೆಯೂ ಒಳಗೆ ಬರಲಾಗಲಿಲ್ಲ. ಬಾಗಿಲ ಗಾಜಿನಾಚೆಯಿಂದ ಕೈ ಮಾಡಿ ತೋರಿಸುತ್ತಿದ್ದರು, ನಾನು ಒಳಗೆ ಕೇಬಲ್ಲು ಬದಲಿಸುತ್ತಿದ್ದೆ. ಕಟ್ಟಡ ಕಟ್ಟುವಾಗಲೇ ಕಾಂಕ್ರೀಟನ್ನು ಅಷ್ಟು ತಗ್ಗಿಸಿದ್ದರೆ ತಮ್ಮ ಮೈ ಹೊರಗಿನ ನೆಲಕ್ಕೆ ಸಮವಾಗುತ್ತಿತ್ತು. ಬೇಕಾಗಿದ್ದುದು ನಕ್ಷೆಯಲ್ಲಿ ಒಂದು ಗೆರೆ.

ಇಲ್ಲಿಯತನಕ ಬರೆದದ್ದನ್ನು ಮರೆತರೂ ಚಿಂತೆಯಿಲ್ಲ. ಮುಂದಿನದನ್ನು ಮರೆಯಬೇಡಿ.

ಒಂದು ಮಧ್ಯಾಹ್ನ ಹೊರಗಿನ ಕೆಲಸಗಾರರು ತಂಪು ಓಣಿಯಲ್ಲಿ ಎರಡು ಟೈಲು ತೆಗೆದು ಕೇಬಲ್ಲು ಎಳೆಯುತ್ತಿದ್ದರು. ಊಟಕ್ಕೆ ಎದ್ದು ಹೋದರು. ಟೈಲು ಮುಚ್ಚಲಿಲ್ಲ, ಸುತ್ತ ಪಟ್ಟಿ ಕಟ್ಟಲಿಲ್ಲ. ಆ ಕೋಣೆಯನ್ನು ಒರೆಸುವ ಅಕ್ಕ ಮಾಪು ಹಿಡಿದು ಹಿಂದೆ ಹಿಂದೆ ನಡೆಯುತ್ತ ಬಂದರು. ನೆಲ ಒರೆಸುವವರು ಹಾಗೇ ನಡೆಯುವುದು, ಒರೆಸಿದ್ದನ್ನು ತುಳಿಯದಿರಲಿ ಎಂದು. ಒಂದೂವರೆ ಅಡಿ ಆಳ ಏನು ಮಹಾ ಎಂದು ಕೇಳುವವರಿದ್ದಾರೆ. ಬಿದ್ದ ಕಾಲು ಒಳಗೆ ಸಿಕ್ಕಿಕೊಂಡು, ಮೈ ಹಿಂದಕ್ಕೆ ಹೋದರೆ, ಸ್ಟ್ರಿಂಜರಿನ ಅಂಚಿಗೆ ಮೊಣಕಾಲ ಕೆಳಗಿನ ಎಲುಬು ಕಡ್ಡಿಯಂತೆ ಮುರಿಯುತ್ತದೆ. ಫ್ಯಾನುಗಳ ಗದ್ದಲದಲ್ಲಿ ಅವರ ಕೂಗು ಹೊರಗೆ ಕೇಳಿಸಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದರೋ. ಬಾಗಿಲು ತೆರೆದು ಮೊದಲು ನೋಡಿದವನು ನಾನು. ನನ್ನನ್ನು ಕಂಡ ಕೂಡಲೇ ಅವರು ಹೇಳಿದ್ದು, ಸಾರ್, ಬಕೆಟ್ ನೀರು ಒಳಗೆ ಚೆಲ್ಲಿಲ್ಲ ಸಾರ್, ಎಂದು.

ಅವರು ಗುತ್ತಿಗೆಯವರು. ಕಾಲು ಕೂಡುವ ಮೊದಲೇ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಆಸ್ಪತ್ರೆಯ ಖರ್ಚಿಗೆ ನಾವು ಹತ್ತಾರು ಜನ ಸೇರಿ ಕೊಟ್ಟದ್ದು ಸಾಕಾಗಲಿಲ್ಲ. ವರದಿಯಲ್ಲಿ ಕೆಲಸಗಾರರ ಅಜಾಗ್ರತೆ ಎಂದು ಬರೆದರು, ಯಾವ ಕೆಲಸಗಾರರು ಎಂದು ಬರೆಯಲಿಲ್ಲ. ಅಂದಿನ ಕೆಲಸದ ಪರ್ಮಿಟ್ಟಿಗೆ ಸಹಿ ಹಾಕಿದವನು ನಾನು. ಅಜ್ಜನ ಹಗೇವಿನ ಬಾಯಿಯ ಹತ್ತಿರ ಒಬ್ಬರು ಕೂತೇ ಇರುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂರಿಸಲಿಲ್ಲ. ತಮ್ಮ ಮೇಲೆ ದೂರು ಹೇಳುವಾಗ ನನ್ನ ಪಾಲನ್ನು ಮುಚ್ಚಿಡುವುದು ಸರಿಯಲ್ಲ, ಅದಕ್ಕೆ ಬರೆದಿದ್ದೇನೆ.

ಅಂದಿನಿಂದ ನನ್ನ ಪಾಳಿಯಲ್ಲಿ ತೆರೆದ ಟೈಲಿಗೆ ಒಬ್ಬ ಮನುಷ್ಯನ ಕಾವಲು. ಎಷ್ಟು ಟೈಲು ತೆಗೆದರು, ಎಷ್ಟು ಮುಚ್ಚಿದರು ಎಂದು ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯಬೇಕು. ಎರಡೂ ಸಂಖ್ಯೆ ಕೂಡದೆ ಯಾರೂ ಊಟಕ್ಕೆ ಹೋಗುವಂತಿಲ್ಲ. ಹೊಸ ಹುಡುಗರು ಮೊದಲ ವಾರ ಗೊಣಗುತ್ತಾರೆ.

ತಮ್ಮ ಕಾಲ ಮುಗಿಯುತ್ತ ಬಂತು ಎಂದು ಕೆಲವರು ಹೇಳುತ್ತಿದ್ದಾರೆ. ಫೇಸ್‌ಬುಕ್ ಕಂಪನಿ 2011ರಲ್ಲಿ ಅಮೆರಿಕದ ಪ್ರೈನ್‌ವಿಲ್‌ನಲ್ಲಿ ತೆರೆದ ಡೇಟಾ ಸೆಂಟರಿನಲ್ಲಿ ತಾವಿಲ್ಲ. ರ‍್ಯಾಕುಗಳು ನೇರ ಕಾಂಕ್ರೀಟಿನ ಮೇಲೆ, ಗಾಳಿ ಮೇಲಿನಿಂದ. ಇಲ್ಲಿಯೂ ಹೊಸ ಕಟ್ಟಡಗಳಲ್ಲಿ ಕೇಬಲ್ಲುಗಳು ತಲೆಯ ಮೇಲಿನ ಟ್ರೇ ಏರುತ್ತಿವೆ. ಅಲ್ಲಿ ಸತ್ತ ಕೇಬಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬುದು ನನಗೆ ಸಮಾಧಾನ. ಆದರೂ ತಾವು ಹೋಗುತ್ತೀರೆಂದರೆ ಹೊಟ್ಟೆಯೊಳಗೆ ಏನೋ ಒಂಥರಾ ಆಗುತ್ತದೆ. ಇಪ್ಪತ್ತೆರಡು ವರ್ಷ ಅನ್ನ ಕೊಟ್ಟ ನೆಲ.

ಬರುವ ಶನಿವಾರ ರಾತ್ರಿ 11ರಿಂದ ಬೆಳಗಿನ ಜಾವ 5ರ ತನಕ ಶಟ್‌ಡೌನ್ ಸಿಕ್ಕಿದೆ. ಕೆ ಸಾಲಿನ 14ನೇ ಟೈಲಿನಿಂದ ಶುರುಮಾಡುತ್ತೇವೆ, ಒಂದು ಬಿಟ್ಟು ಒಂದು. 2018ರಲ್ಲಿ ಎಳೆದ ಹಳೆಯ ಕೇಬಲ್ಲುಗಳನ್ನು ಈ ಸಲ ಪೂರ್ತಿ ತೆಗೆಯುವುದೆಂದು ನಿಶ್ಚಯ. ಕಾವಲಿಗೆ ಇಬ್ಬರಿದ್ದಾರೆ. ಹೊಸ ಟಾರ್ಚು ತಂದಿದ್ದೇನೆ. ಕೆ-17ರ ಹತ್ತಿರ ಒಂದು ಕಾಲು ಅಲುಗುತ್ತಿದೆ ಎಂದು ಕಳೆದ ತಿಂಗಳು ಅನಿಸಿತ್ತು. ಅಂಟು ಬಿಟ್ಟಿದ್ದರೆ ಅದನ್ನೂ ಕೂರಿಸಿಬಿಡೋಣ. ಅಲ್ಲಿಯತನಕ ದಯವಿಟ್ಟು ಹೇಗಿದ್ದೀರೋ ಹಾಗೇ ನಿಂತಿರಬೇಕೆಂದು ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ,
ರಾತ್ರಿ ಪಾಳಿಯವನು

ವಿ.ಸೂ.: ಲಿಫ್ಟರಿನ ರಬ್ಬರು ಬದಲಿಸಿದ್ದೇನೆ, ನನ್ನ ಸ್ವಂತ ದುಡ್ಡಿನಲ್ಲಿ.